ಮೂಡದ ಗೆರೆ

ಬೆಂಗಳೂರು
14-6-1979

ಅತ್ತಿಗೆಯವರಿಗೆ ಮಲ್ಲಿಕಾಂಬ ಮಾಡುವ ಶರಣು.

ಅಜ್ಜಂಪುರದಿಂದ ಬಂದ ಮೇಲೆ ಮನಸ್ಸು ಕೆಲಸದಲ್ಲಿ ನಿಲ್ಲುತ್ತಿಲ್ಲ. ಬಚ್ಚಲಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು, "ನಿಮ್ಮಣ್ಣಂಗೆ ಕೆಂಪಗೆ ಹೋಗ್ತದೆ ಕಣೇ, ಉಗಾದಿಯಿಂದ್ಲೂ" ಎಂದಿರಲ್ಲ, ಅದೇ ಕಿವಿಯಲ್ಲಿದೆ. ಅಣ್ಣನನ್ನು ಕೇಳಿದರೆ ನಕ್ಕುಬಿಟ್ಟ. "ಕೆಂಪು ನೂಲು ಅದ್ದಿದ್ ದಿವ್ಸ ಕೆಂಪಗೆ, ಹಸಿರು ಅದ್ದಿದ್ ದಿವ್ಸ ಹಸರಗೆ. ಅಪ್ಪಂಗೂ ಹಂಗೇ ಆಗ್ತಿತ್ತು. ಒಳಕ್ಕೋದ ಬಣ್ಣ ಹೊರಕ್ಕೆ ಬರ್ಬೇಕಲ್ಲ" ಅಂದ. ಅಪ್ಪನ ಕಾಲದಿಂದ ನೂಲಿಗೆ ಬಣ್ಣ ಹಾಕುವ ಮನೆ ನಮ್ಮದು. ಆ ಮಾತನ್ನು ಚಿಕ್ಕಂದಿನಿಂದ ಕೇಳಿ ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಪುಡಿ ಬಣ್ಣಗಳಲ್ಲಿ ವರ್ಷಗಟ್ಟಲೆ ಕೈಯಾಡಿಸಿದವರಿಗೆ ಮೂತ್ರಕೋಶದ ಕ್ಯಾನ್ಸರ್ ಉಳಿದವರಿಗಿಂತ ಹೆಚ್ಚಾಗಿ ಬರುತ್ತದೆಂದು ಹೊರದೇಶದ ಡಾಕ್ಟರುಗಳು ಬರೆದಿದ್ದಾರೆ. ನೋವಿಲ್ಲದೆ ರಕ್ತ ಹೋಗುವುದು, ತಾನಾಗಿಯೇ ನಿಲ್ಲುವುದು, ಮತ್ತೆ ಬರುವುದು, ಇದೇ ಅದರ ಮೊದಲ ಗುರುತು.

ದೀಪವಿರುವ ತೆಳು ಕೊಳವೆಯೊಂದನ್ನು ಮೂತ್ರದ ದಾರಿಯಲ್ಲಿ ಇಳಿಸಿ ಒಳಗೆ ನೋಡುತ್ತಾರೆ. ಸರಿಯಾಗಿ ತಿಳಿಯುವುದು ಅದರಿಂದಲೇ. ಆ ಮಾತು ತೆಗೆದ ಕೂಡಲೇ ಅಣ್ಣ ಎಲೆ ಬಿಟ್ಟು ಎದ್ದದ್ದನ್ನು ನೀವೇ ನೋಡಿದಿರಿ. ಅದಕ್ಕೇ ಇನ್ನೊಂದು ದಾರಿ ಹುಡುಕಿದ್ದೇನೆ. ಒಳಗೆ ಗಡ್ಡೆಯಿದ್ದರೆ ರಕ್ತದ ಒಂದು ಬಗೆಯ ಪ್ರೋಟೀನು ಚೂರಾಗಿ ಮೂತ್ರದಲ್ಲಿ ಬರುತ್ತದೆ. ಅದನ್ನು ಹಿಡಿಯಬಹುದೇ ಎಂದು ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನೋಡುತ್ತಿದ್ದೇವೆ. ಗಾಜಿನ ಪಟ್ಟಿಯ ಮೇಲೆ ಗಂಜಿಯಂಥದೊಂದನ್ನು ಹರಡಿ, ಗಟ್ಟಿಯಾದ ಮೇಲೆ ಎರಡು ಗುಳಿ ಕೊರೆದು, ಒಂದಕ್ಕೆ ಮೂತ್ರ, ಇನ್ನೊಂದಕ್ಕೆ ನಮ್ಮ ಔಷಧ ಹಾಕಿಡುತ್ತೇವೆ. ಆ ಪ್ರೋಟೀನು ಇದ್ದರೆ ಮಾರನೆಯ ದಿನ ನಡುವೆ ಬಿಳಿಯ ಗೆರೆಯೊಂದು ಮೂಡುತ್ತದೆ, ಕೂದಲೆಳೆಯಷ್ಟು. ಇದಿನ್ನೂ ಹೊಸದು, ಪೂರ್ತಿ ನಂಬುವ ಹಾಗಿಲ್ಲ. ಆದರೂ ಗೆರೆ ಮೂಡಿದರೆ ಅದನ್ನು ತೋರಿಸಿಯಾದರೂ ಅಣ್ಣನನ್ನು ಕರೆತರಬಹುದು.

ಹತ್ತಿ ವ್ಯಾಪಾರಕ್ಕೆ ಇಲ್ಲಿಗೆ ಬಂದುಹೋಗುವ ದೇವೀರಪ್ಪನವರ ಕೈಲಿ ಬಾಟಲಿ ಕಳಿಸಿದ್ದೇನೆ. ಅಣ್ಣನ ಮೂತ್ರ ತುಂಬಿ ಅವರ ಕೈಗೇ ಕೊಡಿ. ರೈಲಿನಲ್ಲಿ ಬರುವಷ್ಟರಲ್ಲಿ ಕೆಟ್ಟರೆ ಪ್ರಯೋಜನವಿಲ್ಲ. ಕೆಡದ ಹಾಗೆ ನೋಡಿಕೊಂಡು ಕಳಿಸಿ. ಅಮ್ಮನಿಗೆ ಸದ್ಯಕ್ಕೆ ಏನೂ ಹೇಳುವುದು ಬೇಡ.

ನಿಮ್ಮ
ಮಲ್ಲಿಕಾಂಬ


ಅಜ್ಜಂಪುರ
30-6-1979

ಮಲ್ಲಿಗೆ ಅತ್ತಿಗೆಯ ಆಶೀರ್ವಾದ. ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೋ.

ನಿಮ್ಮಣ್ಣನಿಂದ ಅದನ್ನು ಪಡೆಯುವಷ್ಟರಲ್ಲಿ ನನಗೆ ಸಾಕಾಯಿತು. "ಅದನ್ನ ಬೆಂಗ್ಳೂರಿಗೆ ಕಳಿಸ್ತೀಯಾ? ಅಲ್ಲಿ ಸಿಗಲ್ವಂತಾ?" ಎಂದು ಅಂಗಡಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಅಂದರು. ನಾನು ಊಟಕ್ಕೆ ಬಡಿಸದೆ ಕೂತೆ. ಕೊನೆಗೆ ಚೊಂಬು ತಂದು ಬಚ್ಚಲ ಕಟ್ಟೆಯ ಮೇಲೆ ಕುಕ್ಕಿ, "ತಗಾ, ನಿನ್ ನಾದಿನಿಗೆ ನನ್ ಉಡುಗೊರೆ" ಅಂದರು.

ನೀನು ಬರೆದ ಹಾಗೆ ಕೆಡದಂತೆ ಎಲ್ಲ ಮಾಡಿ ಕಳಿಸಿದ್ದೇನೆ. ನೋಡಿದರೆ ನಿನಗೇ ತಿಳಿಯುತ್ತದೆ, ಎಷ್ಟು ತಿಳಿಯಾಗಿದೆ ಎಂದು. ದೇವೀರಪ್ಪ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ಏನಮ್ಮಾ ಇದು, ಕಷಾಯವಾ?" ಎಂದ. "ಹೂಂ ಕಣಪ್ಪಾ, ನೀನೇನಾದ್ರೂ ಕುಡ್ದುಗಿಡ್ದೀಯ" ಎಂದು ಹೇಳಿ ಕಳಿಸಿದೆ.

ಪಂಡಿತರು ಉಷ್ಣ ಎಂದು ನೆಗ್ಗಿಲುಮುಳ್ಳಿನ ಕಷಾಯ ಕೊಟ್ಟಿದ್ದಾರೆ. ಅದನ್ನು ಮಾತ್ರ ತಪ್ಪದೆ ಕುಡಿಯುತ್ತಾರೆ. ಬೇಗ ಬರಿ.

ಈಶ್ವರಮ್ಮ


ಬೆಂಗಳೂರು
11-7-1979

ಅಣ್ಣನಿಗೆ ಶರಣು.

ಗೆರೆ ಮೂಡಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ಇಟ್ಟು ನೋಡಿದೆ. ಆಗಲೂ ಇಲ್ಲ.

ದಯವಿಟ್ಟು ಮುಂದಿನದನ್ನೂ ಓದು. ಗೆರೆ ಇಲ್ಲದಿದ್ದರೆ ರೋಗವಿಲ್ಲವೆಂದು ಅರ್ಥವಲ್ಲ. ರೋಗವಿದೆಯೆಂದು ಗೊತ್ತಿರುವ ಕೆಲವರಲ್ಲೂ ನಮ್ಮ ಪಟ್ಟಿಯ ಮೇಲೆ ಏನೂ ಮೂಡಿಲ್ಲ. ನೀನು ಬಂದು ಒಳಗೆ ನೋಡಿಸಿಕೊಳ್ಳಲೇಬೇಕು. ಒಂದು ಬೆಳಗಿನ ಕೆಲಸ ಅದು.

ಮಲ್ಲಿ


ಅಜ್ಜಂಪುರ
20-7-1979

ಚಿ. ಮಲ್ಲಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿ ಎಲ್ಲರಿಗೂ ಸಂತೋಷವಾಯಿತು. ಇಲ್ಲ ಎಂದ ಮೇಲೆ ಇಲ್ಲ. ಅದರ ಕೆಳಗೆ ನೀನು ಬರೆದಿರುವುದು ಓದಿದವರ ಅಭ್ಯಾಸ: ಇಲ್ಲ ಎಂದೂ ಹೇಳಬೇಕು, ಇರಬಹುದು ಎಂದೂ ಹೇಳಬೇಕು. ನೂಲು ತರಲು ತರೀಕೆರೆಗೆ ಹೋದಾಗ ಅಲ್ಲಿನ ಡಾಕ್ಟರನ್ನೂ ಕೇಳಿದೆ. "ಬೆಂಗಳೂರಿನವ್ರೇ ಇಲ್ಲ ಅಂದ್ಮೇಲೆ ನಂದೇನ್ರೀ" ಎಂದರು.

ನಾನೂ ಒಂದು ಪರೀಕ್ಷೆ ಮಾಡಿದೆ. ಕೆಂಪು ಅದ್ದುವುದನ್ನು ನಿಲ್ಲಿಸಿದೆ. ಕೆಂಪಗೆ ಹೋಗುವುದೂ ನಿಂತಿತು. ನಿನ್ನದೂ ನನ್ನದೂ ಒಂದೇ ಮಾತು ಹೇಳುತ್ತವೆ. ಇನ್ನು ನಿನ್ನ ಅತ್ತಿಗೆಯನ್ನು ಹೆದರಿಸುವುದನ್ನು ನಿಲ್ಲಿಸು.

ಇತಿ
ಓಂಕಾರಮೂರ್ತಿ


ಬೆಂಗಳೂರು
18-9-1979

ಅತ್ತಿಗೆಯವರಿಗೆ ಶರಣು.

ಅಣ್ಣನಿಗೆ ಬರೆದ ಕಾಗದಗಳಿಗೆ ಉತ್ತರವೇ ಇಲ್ಲ. ನೀವೂ ಬರೆಯುತ್ತಿಲ್ಲ. ರಕ್ತ ನಿಂತಿದೆ ಎನ್ನುವುದು ಒಳ್ಳೆಯ ಸುದ್ದಿಯಲ್ಲ ಎಂದು ಎಷ್ಟು ಸಲ, ಯಾವ ಮಾತಿನಲ್ಲಿ ಹೇಳಲಿ? ಅದು ಹಾಗೇ ನಿಲ್ಲುತ್ತದೆ. ನಿಂತಿರುವಾಗಲೂ ಒಳಗೆ ಬೆಳೆಯುತ್ತಿರುತ್ತದೆ.

ಇಲ್ಲಿ ನನ್ನ ಕೆಲಸವೂ ದಾರಿಗೆ ಬರುತ್ತಿಲ್ಲ. ಮೂತ್ರಕೋಶದಲ್ಲಿ ಬರೀ ಕಲ್ಲಿದ್ದವನೊಬ್ಬನಿಗೆ ದಪ್ಪನೆಯ ಗೆರೆ ಮೂಡಿತು, ಕ್ಯಾನ್ಸರ್ ಇದ್ದ ಹೆಂಗಸಿಗೆ ಮೂಡಲಿಲ್ಲ. ನಮ್ಮ ಸರ್ ಪಟ್ಟಿಗಳನ್ನೆಲ್ಲ ಸಾಲಾಗಿ ಇಡಿಸಿ ನೋಡಿ, "ಇದನ್ನು ತೋರಿಸಿ ಯಾರನ್ನೂ ಹೆದರಿಸಬೇಡಿ, ಯಾರಿಗೂ ಧೈರ್ಯವನ್ನೂ ಕೊಡಬೇಡಿ" ಎಂದರು. ನಾನು ಅಣ್ಣನಿಗೆ ಆಗಲೇ ಧೈರ್ಯ ಕೊಟ್ಟಾಗಿದೆ. ಅದನ್ನು ವಾಪಸು ಪಡೆಯುವ ಬಗೆ ಗೊತ್ತಾಗುತ್ತಿಲ್ಲ.

ಇನ್ನೊಂದು ಬಾಟಲಿ ಕಳಿಸುತ್ತಿದ್ದೇನೆ. ಮತ್ತೆ ಕೆಂಪು ಕಂಡ ದಿನವೇ ತುಂಬಿಸಿ ಇಡಿ. ನಿಮ್ಮನ್ನು ಬಿಟ್ಟರೆ ಆ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ.

ಮಲ್ಲಿಕಾಂಬ


ಅಜ್ಜಂಪುರ
16-11-1979

ಮಲ್ಲಿಗೆ ಆಶೀರ್ವಾದ.

ಬರೆಯಲು ಏನೂ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ. ಈಗ ಇದೆ. ಮತ್ತೆ ಶುರುವಾಗಿದೆ. ಈ ಸಲ ಗರಣೆ ಗರಣೆಯಾಗಿ. ಕಡೂರಿನವರಿಗೆ ಕೊಡಬೇಕೆಂದು ವಾರದಿಂದ ಬರೀ ಹಸಿರು ನೂಲು ಅದ್ದುತ್ತಿದ್ದಾರೆ. ಹಿತ್ತಲಿನ ಹಗ್ಗದ ತುಂಬ ಹಸಿರೇ. ನಾನು ಬಿಳಿಯ ಪಿಂಗಾಣಿ ಬಟ್ಟಲಲ್ಲಿ ಹಿಡಿಸಿ, ಅವರ ಮುಂದೆಯೇ ಇಟ್ಟೆ.

"ಇವತ್ತು ಏನ್ ಬಣ್ಣ ಅದ್ದಿದ್ರಿ?"

"ಹಸಿರು."

"ಇದು ಏನ್ ಬಣ್ಣ?"

ಬಟ್ಟಲನ್ನು ಬೆಳಕಿಗೆ ವಾಲಿಸಿ ನೋಡಿದರು. "ಹಳೇದು ಉಳ್ಕಂಡಿರ್ತದೆ" ಎಂದರು.

ನನಗೆ ಬಟ್ಟಲನ್ನು ಎತ್ತಿ ಗೋಡೆಗೆ ಹೊಡೆಯೋಣ ಎನ್ನಿಸಿತು. ಹೊಡೆದರೆ ಒರೆಸುವವಳೂ ನಾನೇ.

ಅದನ್ನೇ ಬಾಟಲಿಗೆ ತುಂಬಿಸಿ ದೇವೀರಪ್ಪನ ಕೈಲಿ ಕಳಿಸಿದ್ದೇನೆ. ಒಂದು ಮಾತು, ಬೈಯಬೇಡ. ಇಲ್ಲಿ ಜಡಿಮಳೆ, ಸೌದೆಯೆಲ್ಲ ಹಸಿ. ದೇವೀರಪ್ಪ ಬಾಗಿಲಲ್ಲಿ ನಿಂತು ರೈಲು ಹೋಗ್ತದೆ ಅಂತ ಅವಸರ ಮಾಡಿದ. ಹೋದ ಸಲದ ಹಾಗೆ ಕಾಯಿಸಿ, ಮೇಲೆ ಕಟ್ಟಿದ್ದನ್ನೆಲ್ಲ ಸೋಸಿ ಕಳಿಸಲು ಆಗಲಿಲ್ಲ. ಹಸಿಯದ್ದನ್ನೇ ಕಳಿಸಿದ್ದೇನೆ. ದಾರಿಯಲ್ಲಿ ಕೆಟ್ಟಿದ್ದರೆ ಹೇಳು, ಮಳೆ ನಿಂತ ಮೇಲೆ ಇನ್ನೊಂದು ಸಲ ಸರಿಯಾಗಿ ಮಾಡಿ ಕಳಿಸುತ್ತೇನೆ.

ಈಶ್ವರಮ್ಮ


ಬೆಂಗಳೂರು
23-11-1979

ಅತ್ತಿಗೆ,

ಮೊದಲು ವಿಷಯ ಹೇಳುತ್ತೇನೆ. ಈ ಸಲ ಗೆರೆ ಮೂಡಿದೆ. ಸುಣ್ಣದಲ್ಲಿ ಎಳೆದ ಹಾಗೆ, ದೂರದಿಂದಲೇ ಕಾಣುವಷ್ಟು.

ಗಿಣ್ಣದ ಹಾಲನ್ನು ಒಲೆಯ ಮೇಲಿಟ್ಟರೆ ಗಟ್ಟಿ ಕಟ್ಟುತ್ತದಲ್ಲ, ಹಾಗೆ ಕಟ್ಟುವುದೇ ಪ್ರೋಟೀನು. ಜೂನ್ ತಿಂಗಳಲ್ಲಿ ನೀವು ಕಾಯಿಸಿದಾಗ ಮೇಲೆ ಕಟ್ಟಿದ್ದೂ ಅದೇ, ನೀವು ಸೋಸಿ ಚೆಲ್ಲಿದ್ದೂ ಅದೇ. ನಾನು ಹುಡುಕುತ್ತಿದ್ದದ್ದು ನಿಮ್ಮ ಹಿತ್ತಲಲ್ಲಿ ಉಳಿಯಿತು, ಉಳಿದ ನೀರು ನನಗೆ ಬಂತು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಕೆಡದ ಹಾಗೆ ಕಳಿಸಿ ಎಂದು ಬರೆದವಳು ನಾನು. ಫ್ರಿಜ್ಜಿನ ಪಕ್ಕ ಕೂತು ಬರೆದೆ. ಫ್ರಿಜ್ಜಿಲ್ಲದ ಮನೆಯಲ್ಲಿ ಹಾಲು ಕೆಡಬಾರದೆಂದರೆ ಹೆಂಗಸರು ಏನು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ನಾನೂ ಅದೇ ಮನೆಯಲ್ಲಿ ಬೆಳೆದವಳು.

ಈಗ ಒಂದು ಮಾತು ನಡೆಸಿಕೊಡಿ. ಕಾಯಿಸಿದ ಸಂಗತಿಯನ್ನು ಅಣ್ಣನಿಗೂ ಅಮ್ಮನಿಗೂ ಹೇಳಬೇಡಿ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಅಮ್ಮ ಜೀವ ಇರುವವರೆಗೂ ಅದನ್ನೇ ಹೇಳುತ್ತಾರೆ. ಮೊದಲ ಸಲ ಲ್ಯಾಬಿನಲ್ಲಿ ತಪ್ಪಾಗಿತ್ತೆಂದು ಅಣ್ಣನಿಗೆ ನಾನೇ ಬರೆಯುತ್ತೇನೆ.

ಮಲ್ಲಿಕಾಂಬ


ಅಜ್ಜಂಪುರ
9-12-1979

ಚಿ. ಮಲ್ಲಿಗೆ ಆಶೀರ್ವಾದಗಳು.

ಹೋದ ಸಲ ತಪ್ಪಾಗಿತ್ತು, ಈ ಸಲ ಸರಿಯಾಗಿದೆ ಎಂದು ಬರೆದಿದ್ದೀಯೆ. ಈ ಸಲವೇ ತಪ್ಪಾಗಿ ಹೋದ ಸಲ ಸರಿಯಾಗಿದ್ದಿರಬಾರದೇಕೆ? ನನ್ನ ಹತ್ತಿರ ಒಂದು ಲಡಿ ನೂಲಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು ಬಣ್ಣ ಬಂದರೆ ಗಿರಾಕಿ ಎರಡನ್ನೂ ವಾಪಸು ಎಸೆಯುತ್ತಾನೆ. ನಿಮ್ಮ ಲ್ಯಾಬಿನವರಿಗೆ ಕೇಳುವವರಿಲ್ಲ.

ತಮ್ಮ ಕೈಯ ಕೆಲಸದ ಮೇಲೆ ತಮಗೇ ನಂಬಿಕೆಯಿಲ್ಲದವರ ಮಾತು ಕೇಳಿ ನಾನು ಮೈಯೊಳಕ್ಕೆ ಕೊಳವೆ ಹಾಕಿಸಿಕೊಳ್ಳುವುದಿಲ್ಲ. ಈ ವಿಷಯ ಇಲ್ಲಿಗೆ ಬಿಡು.

ಓಂಕಾರಮೂರ್ತಿ


ಬೆಂಗಳೂರು
15-12-1979

ಅತ್ತಿಗೆ,

ಅಣ್ಣನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ನಾನು ಹೇಳಿದ ಸುಳ್ಳನ್ನೇ ಹಿಡಿದು ನನ್ನ ಬಾಯಿ ಮುಚ್ಚಿಸಿದ್ದಾನೆ. ಅವನು ಬರೆದಿರುವುದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನನಗೆ ಇನ್ನು ಏನೂ ತೋಚುತ್ತಿಲ್ಲ.

ಮಲ್ಲಿಕಾಂಬ


ಅಜ್ಜಂಪುರ
6-1-1980

ಮಲ್ಲಿಗೆ ಆಶೀರ್ವಾದ.

ನಿನ್ನ ಮಾತು ನಡೆಸಲಿಲ್ಲ. ಹೇಳಿಬಿಟ್ಟೆ. ಹೇಳಲೋ ಬೇಡವೋ ಎಂದು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ನಿನ್ನೆ ಬೆಳಿಗ್ಗೆ ಅವರು ಹಂಡೆಯ ಮುಂದೆ ನೂಲು ತಿರುವುತ್ತಾ ಇದ್ದರು. ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಅತ್ತೆ ಒಳಗೆ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಹೇಳಿದೆ.

"ಜೂನ್ನಾಗೆ ಮಲ್ಲಿ ಲ್ಯಾಬಿನೋರು ಏನೂ ತಪ್ಪು ಮಾಡ್ಲಿಲ್ಲ. ನಾನು ಕಾಯ್ಸಿ ಸೋಸಿ ಕಳಿಸ್ಬಿಟ್ಟಿದ್ದೆ. ಅವಳು ಹುಡುಕ್ತಿದ್ದಿದ್ದು ಚರಟದಾಗೇ ಹೋಯ್ತು."

ಅವರು ಕೋಲು ನಿಲ್ಲಿಸಿದರು. "ಯಾವ ಬೋಗಣೀಲಿ ಕಾಯ್ಸಿದೆ?" ಎಂದರು.

"ಸೊಟ್ಟಗಾಗಿತ್ತಲ್ಲ, ಹಿತ್ತಲಾಗಿರೋದು."

"ಅಡಿಗೆ ಮನೆಗೆ ತಂದಿಲ್ಲ ತಾನೇ?"

"ಇಲ್ಲ ಕಣ್ರೀ, ನಂಗಷ್ಟೂ ತಿಳಿಯಲ್ವಾ."

ಮಲ್ಲಿ, ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಆಮೇಲೆ ಕೋಲಿನಿಂದ ಲಡಿ ಎತ್ತಿ ಹಿಡಿದು, ಕೆಳಗೆ ಸೋರುವ ನೀರನ್ನೇ ನೋಡುತ್ತಾ ತಮ್ಮಷ್ಟಕ್ಕೆ ಅಂದರು: "ಕುದ್ದ ಮ್ಯಾಲೆ ಬಣ್ಣವೆಲ್ಲ ನೂಲಿಗೆ ಹತ್ತಿರ್ತದೆ. ನೂಲು ಎಸ್ದು ನೀರ್ ತಗಂಡೋಗಿ ಬಣ್ಣ ಎಲ್ಲಿ ಅಂದ್ರೆ, ಯಾವನ್ಗೆ ತಾನೇ ಸಿಗ್ತದೆ? ಇದನ್ನ ಅವಳ್ಯಾಕೆ ಬರೀಲಿಲ್ಲ?"

"ನಂಗೆ ಬೈತೀರಾ ಅಂತ."

"ಬೈಯೋದೇನು, ಬೈತೀನಿ. ಆಮೇಲೆ ಬೈತೀನಿ. ದೇವೀರಪ್ಪ ಯಾವತ್ತು ಹೊರಡ್ತಾನೆ ಕೇಳು."

ಹೀಗಾಯಿತು. ಗುರುವಾರ ದೇವೀರಪ್ಪನ ಜೊತೆ ಬರುತ್ತಾರೆ. ನಾನೂ ಬರುತ್ತಿದ್ದೆ, ಅತ್ತೆ ಬೇಡವೆಂದರು. ಅಲ್ಲಿಯವರೆಗೆ ಅವರು ಬತ್ತಿಯಿಂದ ಕಣ್ಣೆತ್ತಿರಲಿಲ್ಲ. "ಕಾಯ್ಸಿ ಚೆಲ್ಬಿಟ್ಲಂತೆ" ಎಂದು ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎನ್ನುವ ಹಾಗೆ ಹೇಳಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಈಶ್ವರಮ್ಮ


ಬೆಂಗಳೂರು
24-1-1980

ಅತ್ತಿಗೆಯವರಿಗೆ ಶರಣು.

ದೇವೀರಪ್ಪನವರು ಒಂದಿಷ್ಟು ಹೇಳಿರುತ್ತಾರೆ. ನೀವು ಪೂರ್ತಿ ತಿಳಿಯಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಕೊಳವೆ ಹಾಕಿ ನೋಡಿದರು. ಎಡಗಡೆಯ ಗೋಡೆಯಲ್ಲಿ ಗಡ್ಡೆಯಿದೆ. ಚೂರು ತೆಗೆದು ಪರೀಕ್ಷೆ ಮಾಡಿದ್ದಾರೆ, ಕ್ಯಾನ್ಸರೇ. ಮೇಲುಪದರದಲ್ಲೇ ಇದ್ದಿದ್ದರೆ ಕೊಳವೆಯ ಮೂಲಕವೇ ಸುಟ್ಟು ತೆಗೆಯಬಹುದಿತ್ತು. ಬೇರು ಮಾಂಸಕ್ಕೆ ಇಳಿದಿದೆ. ಇನ್ನು ಮೂತ್ರಕೋಶವನ್ನೇ ತೆಗೆದು, ಹೊಟ್ಟೆಯ ಪಕ್ಕದಲ್ಲಿ ದಾರಿ ಮಾಡಿ ಚೀಲ ಕಟ್ಟಬೇಕು. ಬೇರೆ ಕಡೆಗೆ ಹರಡಿದಂತೆ ಕಾಣುವುದಿಲ್ಲ, ಆಪರೇಷನ್ ಮಾಡಿದರೆ ಬದುಕುವ ಆಸೆಯಿದೆ ಎನ್ನುತ್ತಾರೆ. ಮಾಡದಿದ್ದರೆ ಇಲ್ಲ.

ಡಾಕ್ಟರ್ ಹೇಳುತ್ತಿದ್ದಷ್ಟು ಹೊತ್ತು ಅಣ್ಣ ತನ್ನ ಉಗುರಿನ ಸಂದಿಯ ಹಸಿರನ್ನೇ ನೋಡುತ್ತಿದ್ದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ. "ಚೀಲ ಕಟ್ಕಂಡು ಲಿಂಗಪೂಜೆ ಮಾಡ್ಬೋದಾ?" ಡಾಕ್ಟರ್ ನನ್ನ ಮುಖ ನೋಡಿದರು. ಮಾಡಬಹುದು ಎಂದೆ. "ನೀನ್ಯಾವಾಗ ಸ್ವಾಮಿಯಾದೆ" ಎಂದು ಆ ಕಡೆ ತಿರುಗಿ ಮಲಗಿದ. ಒಪ್ಪಿಗೆಯ ಕಾಗದಕ್ಕೆ ಇನ್ನೂ ಸಹಿ ಮಾಡಿಲ್ಲ. ದಿನಾ ಕೇಳುತ್ತೇನೆ, ದಿನಾ ನಾಳೆ ಎನ್ನುತ್ತಾನೆ.

ಮಲ್ಲಿಕಾಂಬ


ಅಜ್ಜಂಪುರ
2-2-1980

ಮಲ್ಲಿ,

ಈ ಮನೆಯಲ್ಲಿ ನನಗೆ ಯಾರೂ ಏನೂ ಅನ್ನುವುದಿಲ್ಲ. ಅತ್ತೆ ಕಾಫಿ ತಾವೇ ಮಾಡಿಕೊಳ್ಳುತ್ತಾರೆ. ಊಟವನ್ನೂ ತಾವೇ ಬಡಿಸಿಕೊಳ್ಳುತ್ತಾರೆ. ನಾನು ಒಲೆಯ ಮೇಲೆ ಏನಿಟ್ಟರೂ ಬಂದು ಇಣುಕಿ ನೋಡಿ ಹೋಗುತ್ತಾರೆ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು.

ಒಂದು ಕೇಳುತ್ತೇನೆ. ಬೇರು ಇಳಿದದ್ದು ಜೂನ್ ಆದ ಮೇಲೆಯೋ, ಮೊದಲೋ? ನಾನು ಚೆಲ್ಲದೆ ಇದ್ದಿದ್ದರೆ ಚೀಲ ತಪ್ಪುತ್ತಿತ್ತೋ ಇಲ್ಲವೋ? ಹೌದು ಅಥವಾ ಇಲ್ಲ ಎಂದು ಬರಿ. ನಿಮ್ಮಣ್ಣನಿಗೆ ಸುಳ್ಳು ಬರೆದ ಹಾಗೆ ನನಗೆ ಬರೆಯಬೇಡ.

ಈಶ್ವರಮ್ಮ


ಬೆಂಗಳೂರು
8-2-1980

ಅತ್ತಿಗೆಗೆ ಶರಣು.

ನಿಮ್ಮ ಪ್ರಶ್ನೆಯನ್ನು ಡಾಕ್ಟರಿಗೆ ನೀವು ಬರೆದ ಮಾತಿನಲ್ಲೇ ಕೇಳಿದೆ. ಜೂನ್ ತಿಂಗಳಲ್ಲೇ ಇಳಿದಿರಬಹುದು, ಆಮೇಲೆ ಇಳಿದಿರಲೂಬಹುದು, ಗಡ್ಡೆಯನ್ನು ನೋಡಿ ಅದರ ವಯಸ್ಸು ಹೇಳುವುದು ಯಾರಿಂದಲೂ ಆಗದು ಎಂದರು. ನನ್ನ ಪ್ರೋಟೀನೂ ಅದನ್ನು ಹೇಳಲಾರದು. ಹೌದು ಎಂದು ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ. ಇಲ್ಲ ಎಂದು ಬರೆಯಲು ಪೆನ್ನು ಎತ್ತಿದ್ದು ನಿಜ. ನೀವು ಬೇಡವೆಂದಿರಿ, ಬರೆಯಲಿಲ್ಲ. ಗೊತ್ತಿಲ್ಲ ಎನ್ನುವುದೇ ಉತ್ತರ. ಇದನ್ನು ಇಟ್ಟುಕೊಂಡು ದಿನ ಕಳೆಯುವುದು ಎಷ್ಟು ಕಷ್ಟವೆಂದು ನನಗೂ ಗೊತ್ತಿದೆ, ಏಕೆಂದರೆ ಜೂನ್ ತಿಂಗಳ ಆ ಕಾಗದ ಬರೆದವಳು ನಾನು. ನಮ್ಮ ಸರ್ ಅಣ್ಣನ ಪಟ್ಟಿಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದರು. ಅವರಿಗೆ ತೆಗೆದುಹಾಕಲು ಬರುತ್ತದೆ.

ನಿಮ್ಮ ಕಾಗದವನ್ನು ಅಣ್ಣನಿಗೆ ಓದಿ ಹೇಳಿದೆ. ನೀವು ಕೋಪಿಸಿಕೊಳ್ಳಬಹುದು, ಆದರೆ ಇಷ್ಟು ದಿನ ನಾವು ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದು ಸಾಕು. ಕಾಫಿಯ ಮಾತು ಬಂದಾಗ, "ಇನ್ನೊಂದ್ಸಲ ಓದು" ಎಂದ. ಓದಿದೆ. ಗೋಡೆಯ ಕಡೆ ನೋಡುತ್ತಾ ಹೀಗೆ ಹೇಳಿದ, ಅವನ ಮಾತಿನಲ್ಲೇ ಬರೆಯುತ್ತೇನೆ:

"ಕಾಯ್ಸಿದ್ದಕ್ಕೆ ಏನಾಯ್ತೋ ಯಾರಿಗ್ಗೊತ್ತು. ಹೇಳಿದ್ದಕ್ಕೆ ನಾನಿಲ್ಲಿಗ್ ಬಂದೆ, ಅದು ನಂಗೊತ್ತು. ಅಮ್ಮಂಗೆ ಹಂಗೇ ಬರಿ. ಇವಳಿಗೂ ಬರಿ. ಅವಳು ಬಂದ್ರೆ ಸಹಿ ಹಾಕ್ತೀನಿ. ನಿಮ್ ನರ್ಸ್‌ಗಳ ಕೈಲಿ ಚೀಲ ಕಟ್ಟಿಸ್ಕಳಲ್ಲ."

ಅಮ್ಮನಿಗೆ ಬೇರೆ ಕಾಗದ ಬರೆದು ಇದರ ಜೊತೆಗೇ ಅಂಚೆಗೆ ಹಾಕುತ್ತಿದ್ದೇನೆ. ಜೂನ್ ತಿಂಗಳಲ್ಲಿ ನಾನು ಏನು ಬರೆದಿದ್ದೆ, ಏನು ಬರೆಯಬೇಕಾಗಿತ್ತು ಎಂಬುದನ್ನೂ, ಅಣ್ಣನ ಮಾತನ್ನೂ ಅದರಲ್ಲಿ ಹಾಗೇ ಇಟ್ಟಿದ್ದೇನೆ. ಅವರು ಓದಿ ಮುಗಿಸುವವರೆಗೆ ಕಾಯಬೇಡಿ, ಅಪ್ಪಣೆಯನ್ನೂ ಕೇಳಬೇಡಿ, ಹೊರಟು ಬನ್ನಿ. ಸಹಿಯಾದ ಮಾರನೆಯ ದಿನವೇ ಆಪರೇಷನ್ ಇಟ್ಟುಕೊಳ್ಳುತ್ತಾರಂತೆ. ಚೀಲ ಕಟ್ಟುವುದನ್ನು ನರ್ಸಮ್ಮ ನನಗೆ ತೋರಿಸಿಕೊಟ್ಟಿದ್ದಾರೆ, ನಿಮಗೆ ನಾನು ತೋರಿಸುತ್ತೇನೆ. ಮೊದಲ ಸಲ ಕಷ್ಟವೆನ್ನಿಸುತ್ತದೆ, ಆಮೇಲೆ ಇಲ್ಲ. ಎರಡು ಹಳೆಯ ಸೀರೆ ತನ್ನಿ, ಇಲ್ಲಿ ಹಾಸಿಗೆಯ ಬಟ್ಟೆಗೆ ಬಹಳ ತೊಂದರೆ.

ನಿಮ್ಮ
ಮಲ್ಲಿ